ಕೇಳದೆ ಚಾಚಿದ ಕೈ

ಆ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಕಲಿಯಲು ಬಂದ ಹುಡುಗ ಹುಡುಗಿಯರೆಲ್ಲ ಸೇರಿ ದೊಡ್ಡ ಡಾಕ್ಟರಿಗೆ ಇಟ್ಟಿದ್ದ ಹೆಸರು ಗುಮ್ಮನಗುಸಕ. ಹೆಸರು ಅವರ ಕಿವಿಗೂ ಬಿದ್ದಿತ್ತು. ಬಿದ್ದರೂ ತುಟಿಪಿಟಕ್ಕೆನ್ನಲಿಲ್ಲ, ಅಂದಿದ್ದರೆ ಆ ಹೆಸರು ಉಳಿಯುತ್ತಲೇ ಇರಲಿಲ್ಲ ಬಿಡಿ. ಬೆಳಿಗ್ಗೆ ವಾರ್ಡಿಗೆ ಬಂದಾಗ ಒಂದು "ಹೂಂ", ಆಪರೇಷನ್ ಮುಗಿಸಿ ಹೊರಡುವಾಗ ಇನ್ನೊಂದು "ಹೂಂ". ನಡುವೆ ಏನಿದ್ದರೂ ಕೈಯದೇ ಕೆಲಸ. ಆ ಕೈಯ ಬಗ್ಗೆ ಮಾತ್ರ ಯಾರೂ ಎರಡು ಮಾತಾಡುವ ಹಾಗಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮಾಡುವ ಕೈ ಅದು.

ಹುಟ್ಟಾ ಮೌನಿ ಏನಲ್ಲ ಅವರು. ಅವರು ಕಲಿಯುವ ಕಾಲದಲ್ಲಿ ಒಬ್ಬ ಗುರು ಇದ್ದರು, ಬಾಯಿ ತೆರೆದರೆ ಬೈಗುಳ. ಶಿಷ್ಯನ ಕೈ ಒಂದು ಗಳಿಗೆ ತಡೆಯಿತೋ, ಬೆರಳ ಗಿಣ್ಣಿನ ಮೇಲೆ ಇಕ್ಕಳದಿಂದ ಟಕ್ಕೆಂದು ಒಂದು ಪೆಟ್ಟು. ರೋಗಿಗಾದರೂ ಮತ್ತು ಬರಿಸಿರುತ್ತಿದ್ದರು, ಪಾಪದ ಶಿಷ್ಯನಿಗೆ ಆ ಭಾಗ್ಯವೂ ಇಲ್ಲ. ಸಿಸ್ಟರುಗಳ ಎದುರು, ಆಯಾಗಳ ಎದುರು ಅವನ ಮಾನ ಹರಾಜಾಗುತ್ತಿತ್ತು. ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದು ಅವರಿಗೆ ಇನ್ನೂ ನೆನಪಿದೆ. ನನ್ನ ಕೈಕೆಳಗೆ ಬರುವ ಮಕ್ಕಳನ್ನು ಯಾರ ಎದುರೂ ಹೀಗೆ ಕುಗ್ಗಿಸಲಾರೆ ಎಂದು ಆಗಲೇ ತೀರ್ಮಾನಿಸಿಬಿಟ್ಟರು.

ಆ ತೀರ್ಮಾನದಂತೆಯೇ ನಡೆದರು. ಕಲಿಯುವವರ ಕೈ ಎಲ್ಲಾದರೂ ನಿಂತರೆ ಇವರು ಸದ್ದಿಲ್ಲದೆ ತಮ್ಮ ಕೈ ಚಾಚುತ್ತಿದ್ದರು. ಸಲಕರಣೆಯನ್ನು ಮೆತ್ತಗೆ ಬಿಡಿಸಿಕೊಂಡು ಆ ಕಷ್ಟದ ಭಾಗವನ್ನು ತಾವೇ ದಾಟಿಸಿ ಮತ್ತೆ ಅವರ ಕೈಗೆ ಕೊಡುತ್ತಿದ್ದರು. ಬೈಗುಳವಿಲ್ಲ, ಪ್ರಶ್ನೆಯಿಲ್ಲ, ನಿಟ್ಟುಸಿರೂ ಇಲ್ಲ. ಸಿಕ್ಕಿಹಾಕಿಕೊಂಡದ್ದು ಪಕ್ಕದವರಿಗೂ ಗೊತ್ತಾಗಬಾರದು, ಅಷ್ಟು ನಯ. ಆ ಕಾಲದಲ್ಲಿ ನನಗೆ ಯಾರಾದರೂ ಹೀಗೆ ಮಾಡಿದ್ದರೆ ಎಂದು ಎಷ್ಟು ಹಂಬಲಿಸಿದ್ದರೋ, ಅದನ್ನೇ ಈಗ ಕೈತುಂಬ ಹಂಚುತ್ತಿದ್ದೇನೆ ಎಂದು ಅವರ ನಂಬಿಕೆ. ಒಳ್ಳೆಯವರ ನಂಬಿಕೆಯಿದೆಯಲ್ಲ, ಅದನ್ನು ಅಲುಗಿಸುವುದು ಬಲು ಕಷ್ಟ.

ಆ ವರ್ಷ ಅವರ ಕೈಕೆಳಗೆ ಇದ್ದವಳು ಚಿಕ್ಕ ಡಾಕ್ಟರಮ್ಮ. ಕಲಿಕೆಯ ಕೊನೆಯ ವರ್ಷ. ಆಳು ಎಷ್ಟು ಪುಟ್ಟದೆಂದರೆ ಆಪರೇಷನ್ ಟೇಬಲ್ಲಿಗೆ ಸರಿಯಾಗಿ ಎಟುಕಲು ಕಾಲಡಿಗೆ ಮಣೆ ಹಾಕಿಕೊಳ್ಳಬೇಕು. ಆ ಹೆಸರು ಬಂದದ್ದೂ ಹಾಗೆಯೇ. ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದಳು, ಆಮೇಲೆ ಫೋನಿನಲ್ಲಿ ತಾನೇ "ಚಿಕ್ಕ ಡಾಕ್ಟರಮ್ಮ ಮಾತಾಡ್ತಿರೋದು" ಎನ್ನತೊಡಗಿದಳು. ಅವಳ ಕೈ ಕಂಡರೆ ದೊಡ್ಡ ಡಾಕ್ಟರಿಗೆ ಒಳಗೊಳಗೇ ಹಿಗ್ಗು. "ಈ ಹುಡುಗೀಗೆ ಅವಸರ ಅನ್ನೋದೇ ಇಲ್ಲ ಕಣೆ, ಒಳಗಿರೋದನ್ನ ನೋವಾಗದ ಹಾಗೆ ಮುಟ್ಟುತ್ತೆ" ಎಂದು ಹೆಂಡತಿಯ ಮುಂದೆ ಹೊಗಳಿದ್ದರು. ಅರಿವಳಿಕೆ ಡಾಕ್ಟರ ಹತ್ತಿರವೂ ಅಂದಿದ್ದರು. ಅವಳಿಗೊಬ್ಬಳಿಗೆ ಅಂದಿರಲಿಲ್ಲ. ತಿಳಿಯಬೇಕಾದವರನ್ನು ಬಿಟ್ಟು ಊರಿಗೆಲ್ಲ ಡಂಗುರ ಸಾರುವ ಜಾಣತನ ಓದಿದವರಿಗೇ ಮೀಸಲು.

ಎಲ್ಲ ಸರಿಯಿದ್ದ ಅವಳ ಕೈ ಒಂದೇ ಕಡೆ ನಿಲ್ಲುತ್ತಿತ್ತು, ಪಿತ್ತಕೋಶದ ಆಪರೇಷನ್ನಿನಲ್ಲಿ. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಸ್ಕ್ರೀನ್ ನೋಡುತ್ತಾ ಉದ್ದನೆಯ ಸಲಕರಣೆಗಳಿಂದ ಮಾಡುವ ಕೆಲಸ ಅದು. ಪಿತ್ತಕೋಶದಿಂದ ಹೊರಡುವ ತೆಳ್ಳನೆಯ ನಾಳವನ್ನು ಬಿಡಿಸಿ, ಅದಕ್ಕೆ ಕ್ಲಿಪ್ ಹಾಕಿ, ಆಮೇಲೆ ಕತ್ತರಿಸಬೇಕು. ಪಕ್ಕದಲ್ಲೇ ಲಿವರಿನಿಂದ ಬರುವ ಇನ್ನೊಂದು ನಾಳ ಹೆಚ್ಚುಕಡಿಮೆ ಹಾಗೇ ಕಾಣುತ್ತಾ ಹೋಗಿರುತ್ತದೆ. ಇದು ಅಂತ ಅದನ್ನು ಕತ್ತರಿಸಿದರೆ ರೋಗಿಯ ಬದುಕು ಮೂರಾಬಟ್ಟೆ. ಚಿಕ್ಕ ಡಾಕ್ಟರಮ್ಮ ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಬಂದು, ಕ್ಲಿಪ್ ಹಾಕುವ ಹೊತ್ತಿಗೆ ಗಕ್ಕನೆ ನಿಂತುಬಿಡುತ್ತಿದ್ದಳು. ದೊಡ್ಡ ಡಾಕ್ಟರು ಸ್ಕ್ರೀನ್ ನೋಡುತ್ತಾ ಒಂದೆರಡು ಉಸಿರು ಕಾಯುತ್ತಿದ್ದರು. ಪಾಪ, ಧೈರ್ಯ ಸಾಲದು ಮಗುವಿಗೆ ಎಂದುಕೊಂಡು ಕೈ ಚಾಚುತ್ತಿದ್ದರು. ಪ್ರತಿ ಸಲವೂ ಇದೇ ಕತೆ.

ಹೀಗಿರುವಾಗ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದಳು. ದೊಡ್ಡ ಡಾಕ್ಟರಿಗಿಂತ ವಯಸ್ಸಿನಲ್ಲಿ ಕಿರಿಯಳು, ಮಾತಿನಲ್ಲಿ ಬಲು ಹಿರಿಯಳು. ಬಂದವಳೇ ಒಂದು ಹೊಸ ಪದ್ಧತಿ ತಂದಳು. ಆಪರೇಷನ್ನಿಗೆ ಮುಂಚೆ ಕಲಿಸುವವರು ಮತ್ತು ಕಲಿಯುವವರು ಎದುರುಬದುರು ಕೂರಬೇಕು. ಇವತ್ತು ನಿನ್ನ ಕೈಯಾರೆ ಏನು ಮಾಡಬೇಕು ಅಂತಿದೆ ಎಂದು ಕೇಳಬೇಕು. ಇಬ್ಬರೂ ಒಂದೊಂದು ಗುರಿ ಇಟ್ಟುಕೊಳ್ಳಬೇಕು. ಮುಗಿದ ಮೇಲೆ ಮತ್ತೆ ಕೂತು ಏನಾಯಿತೆಂದು ಮಾತಾಡಬೇಕು.

"ನಾವೇನು ಸಂಬಂಧ ಕುದುರಿಸೋಕೆ ಕೂರ್ತೀವಾ?" ಎಂದು ಅರಿವಳಿಕೆ ಡಾಕ್ಟರು ನಕ್ಕರು. ದೊಡ್ಡ ಡಾಕ್ಟರು ಅದಕ್ಕೂ "ಹೂಂ" ಅಂದರು.

ಮೊದಲ ಸಲ ಅವರು ಕೂರಲೂ ಇಲ್ಲ. ಥಿಯೇಟರಿನ ಹೊರಗೆ ಕೈ ತೊಳೆಯುವ ತೊಟ್ಟಿಯ ಹತ್ತಿರ, ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತೇ ಚಿಕ್ಕ ಡಾಕ್ಟರಮ್ಮನನ್ನು ಕೇಳಿದರು.

"ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಸರ್."

"ಸರಿ ಹಾಗಾದ್ರೆ."

ಮಾತುಕತೆ ಮುಗಿಯಿತು. ಮುಖ್ಯಸ್ಥೆ ಕೇಳಿದಾಗ ಇಬ್ಬರೂ "ಮಾತಾಡಿದೀವಿ ಮೇಡಂ" ಎಂದರು. ಸುಳ್ಳೇನಲ್ಲವಲ್ಲ! ಅವತ್ತೂ ಪಿತ್ತಕೋಶದ ಕೇಸೇ ಇತ್ತು, ಅವತ್ತೂ ಚಿಕ್ಕ ಡಾಕ್ಟರಮ್ಮ ಅಲ್ಲೇ ನಿಂತಳು, ಅವತ್ತೂ ಗುರುವಿನ ಕೈ ಚಾಚಿಕೊಂಡಿತು.

ಅದಾದ ವಾರ ಮುಖ್ಯಸ್ಥೆ ದೊಡ್ಡ ಡಾಕ್ಟರನ್ನು ತನ್ನ ಕೋಣೆಗೆ ಕರೆಸಿದಳು.

"ನಿಮ್ಮ ಹುಡುಗಿ ಸರ್ಜರಿ ಬಿಡ್ತಾಳಂತೆ, ಗೊತ್ತಾ ಸರ್?"

"ಯಾರು?"

"ಚಿಕ್ಕ ಡಾಕ್ಟರಮ್ಮ. ಸ್ಕ್ಯಾನಿಂಗ್ ವಿಭಾಗಕ್ಕೆ ಬದಲಿ ಕೇಳಿದಾಳೆ. ತನಗೆ ಇದು ಒಗ್ಗಲ್ಲ ಅಂತಾಳೆ. ಕೊನೇ ವರ್ಷದಲ್ಲಿ ಇದೆಂಥ ಹುಚ್ಚು ಅಂದೆ. ಕೇಳ್ತಿಲ್ಲ. ಈ ವಾರದ ಕೊನೆಗೆ ನಾನು ಒಪ್ಪಿಗೆ ಕೊಡಲೇಬೇಕು. ನಿಮ್ಮ ಹತ್ರ ಏನೂ ಹೇಳಿಲ್ವಾ? ಮಾತಾಡಿದೀವಿ ಅಂದ್ರಿ?"

ದೊಡ್ಡ ಡಾಕ್ಟರು ಇಂಗು ತಿಂದ ಮಂಗನ ಹಾಗೆ ನಿಂತರು. ಅವರು ಎಷ್ಟೋ ಜನರಿಗೆ ಕಲಿಸಿದ್ದರು. ತಾನು ನಿವೃತ್ತನಾದ ಮೇಲೆ ತನ್ನ ಕೆಲಸ ಒಂದು ಜೋಡಿ ಕೈಯಲ್ಲಿ ಉಳಿಯುತ್ತದೆ ಎಂದು ಅನ್ನಿಸಿದ್ದು ಇವಳೊಬ್ಬಳನ್ನು ನೋಡಿದಾಗ. ಆ ಆಸೆಯನ್ನು ಅವರು ತಮಗೆ ತಾವೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಈಗ ಕೈಜಾರುವಾಗ ಅದರ ಗಾತ್ರ ತಿಳಿಯಿತು.

"ನಾನು ಕೇಳ್ತೀನಿ," ಎಂದರು.

"ನೀವಾ?" ಮುಖ್ಯಸ್ಥೆಯ ಹುಬ್ಬು ಹಣೆಗೇರಿತು. ಪಾಪ, ಅವಳ ತಪ್ಪಲ್ಲ.

ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಕಿಟಕಿಯ ಬೆಳಕಿಗೆ ಕೂತು ದಿಂಬಿನ ಚೀಲದ ಅಂಚು ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದರು. ಇವರು ಪಕ್ಕದಲ್ಲಿ ಕೂತವರು ಒಂದು ಕ್ಷಣ ನೋಡಿದರು, ಕೈ ಚಾಚಿ ಸೂಜಿ ತೆಗೆದುಕೊಂಡರು, ಒಂದೇ ಏಟಿಗೆ ಪೋಣಿಸಿ ವಾಪಸು ಕೊಟ್ಟರು.

"ನಾನು ಕೇಳಿದ್ನಾ?" ಎಂದರು ಹೆಂಡತಿ.

"ಆಗ್ತಿರ್ಲಿಲ್ವಲ್ಲ ನಿನಗೆ."

"ಆಗ್ತಿತ್ತು. ಕಣ್ಣಿಗೆ ಹೊಂದಿಸ್ಕೊಳ್ತಿದ್ದೆ, ಅಷ್ಟೆ. ಮದುವೆಯಾದಾಗಿಂದ ಡಬ್ಬಿ ಮುಚ್ಚಳ ನೀವೇ, ಗಂಟು ಬಿಚ್ಚೋದು ನೀವೇ, ಬೀಗಕ್ಕೆ ಕೀ ಹಾಕೋದೂ ನೀವೇ. ನಿಮ್ಮ ಕೈಗೊಂದು ಕೈಕೋಳ ತರಿಸ್ಬೇಕು ನಾನು." ಬೈದರೂ ಹೆಂಡತಿ ನಗುತ್ತಲೇ ಇದ್ದರು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದರು. "ಏನಾಯ್ತು?"

ಅವರು ಹೇಳಿದರು. ಮನೆಯಲ್ಲಿ ಮಾತ್ರ ಅವರಿಗೆ ಬಾಯಿ ಬರುತ್ತಿತ್ತು. ಎಲ್ಲ ಕೇಳಿದ ಮೇಲೆ ಹೆಂಡತಿ, "ಅವಳನ್ನ ಕೂರಿಸಿ ಕೇಳಿ. ನಿಂತ್ಕೊಂಡಲ್ಲ, ಕೂರಿಸಿ," ಎಂದರು. ಅಷ್ಟೇ ಸಲಹೆ. ಸೂಜಿಯ ಮಾತಿಗೂ ಆಸ್ಪತ್ರೆಯ ಮಾತಿಗೂ ಏನಾದರೂ ನಂಟಿದೆ ಎಂದು ದೊಡ್ಡ ಡಾಕ್ಟರಿಗಂತೂ ಹೊಳೆಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳನ್ನು ತಮ್ಮ ಕೋಣೆಗೆ ಕರೆದರು. ಕೋಣೆಯಲ್ಲಿ ಇವರ ಕುರ್ಚಿ ಬಿಟ್ಟು ಇನ್ನೊಂದು ಕುರ್ಚಿಯೇನೋ ಇತ್ತು, ಆದರೆ ಅದರ ಮೇಲೆ ಹಳೆಯ ಪತ್ರಿಕೆಗಳ ರಾಶಿ, ಒಂದು ಬಿಳಿ ಕೋಟು, ಕೆಟ್ಟುಹೋದ ಟಾರ್ಚು. ಅಲ್ಲಿ ಯಾರೂ ಯಾವತ್ತೂ ಕೂತದ್ದಿಲ್ಲ. ದೊಡ್ಡ ಡಾಕ್ಟರು ಎಲ್ಲವನ್ನೂ ಎತ್ತಿ ನೆಲದ ಮೇಲಿಟ್ಟು, ಕರವಸ್ತ್ರದಿಂದ ಧೂಳು ಹೊಡೆದರು. ಚಿಕ್ಕ ಡಾಕ್ಟರಮ್ಮನಿಗೆ ಗಾಬರಿಯಾಯಿತು. ಯಾರೋ ಸತ್ತ ಸುದ್ದಿ ಹೇಳುವಾಗ ಮಾತ್ರ ಡಾಕ್ಟರುಗಳು ಹೀಗೆ ಕುರ್ಚಿ ಕೊಡುವುದನ್ನು ಅವಳು ನೋಡಿದ್ದಳು.

"ಕೂತ್ಕೋ."

ಅಂಚಿನಲ್ಲಿ ಕೂತಳು.

"ಸರ್ಜರಿ ಬಿಡ್ತೀಯಂತೆ."

"ಹೌದು ಸರ್."

"ಯಾಕೆ?"

"ನನ್ನ ಕೈಲಿ ಆಗಲ್ಲ ಸರ್."

"ಯಾರು ಹೇಳಿದ್ದು ಹಾಗಂತ?"

ಅವಳು ತಲೆ ಎತ್ತಿದಳು. ಹೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು. ಹೇಗೂ ಬಿಟ್ಟುಹೋಗುವವಳು, ಇನ್ನೇನು ಭಯ ಎನ್ನಿಸಿರಬೇಕು.

"ನೀವೇ ಸರ್."

"ನಾನಾ?" ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. "ನಾನು ಯಾವತ್ತು ಹೇಳ್ದೆ? ನಾನು ನಿನಗೆ ಏನೂ ಹೇಳೇ ಇಲ್ವಲ್ಲ!"

"ಏನೂ ಹೇಳಿಲ್ಲ ಸರ್. ಅದೇ. ಹೇಳೋಕೂ ಲಾಯಕ್ಕಿಲ್ಲ ಅಂದ್ಕೊಂಡ್ರಿ. ಕ್ಲಿಪ್ ಹಾಕೋ ಹೊತ್ತಿಗೆ ಸರಿಯಾಗಿ ಕೈಯಿಂದ ಕಿತ್ಕೊಂಡ್ರಿ. ಪ್ರತಿ ಸಲ. ನಾನು ಏನು ತಪ್ಪು ಮಾಡ್ತಿದ್ದೀನಿ ಅಂತ ಎಷ್ಟು ತಲೆ ಕೆಡಿಸ್ಕೊಂಡೆ. ನಾಳ ಬಿಡಿಸಿದ್ದು ಸರಿಯಿಲ್ವಾ, ನಿಧಾನ ಆಯ್ತಾ, ಕೈ ನಡುಗ್ತಾ... ಒಂದು ಸಲ ನೀವು ಬೈದಿದ್ರೂ ಗೊತ್ತಾಗ್ತಿತ್ತು. ಬೈಲೂ ಇಲ್ಲ."

ದೊಡ್ಡ ಡಾಕ್ಟರು ಕುರ್ಚಿಗೆ ಒರಗಿದರು.

"ನೀನು ನಿಂತುಬಿಡ್ತಿದ್ದೆ," ಎಂದರು. "ಪ್ರತಿ ಸಲ ಅಲ್ಲೇ ಬಂದು ನಿಂತುಬಿಡ್ತಿದ್ದೆ. ಧೈರ್ಯ ಬರ್ತಿಲ್ಲ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಪಡ್ತಿದ್ದಾಳೆ ಅಂತ..."

"ನಾಚಿಕೆ ಅಲ್ಲ ಸರ್! ನಿಮ್ಮ ಅಪ್ಪಣೆಗೆ ಕಾಯ್ತಿದ್ದೆ."

"ಅಪ್ಪಣೆಗಾ?"

"ಮೊದಲನೇ ವರ್ಷ ಆ ಕಡೆ ಯೂನಿಟ್ಟಲ್ಲಿ ಕಲಿಸಿದ್ದೇ ಅದು. ಕತ್ತರಿಸೋ ಮುಂಚೆ ನಿಲ್ಲು, ಪಕ್ಕದಲ್ಲಿರೋ ಹಿರಿಯರನ್ನ ನೋಡು, ಅವರು ಹೂಂ ಅಂದ್ಮೇಲೆ ಮುಂದಕ್ಕೆ ಹೋಗು ಅಂತ. ನಾನು ನಿಂತು ನಿಮ್ಮ ಕಡೆ ನೋಡ್ತಿದ್ದೆ ಸರ್. ನೀವು ಸ್ಕ್ರೀನ್ ನೋಡ್ತಿದ್ರಿ."

ಕೋಣೆಯ ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಚಕ್ರದ ಕಿರುಗುಟ್ಟುವ ಸದ್ದು ದೂರವಾಯಿತು. ಹೆಚ್ಚುಕಡಿಮೆ ಒಂದು ವರ್ಷ ಅವರಿಬ್ಬರೂ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದರು. ಒಬ್ಬಳು ಗುರುವೆಂಬ ಗೌರವಕ್ಕೆ ನಿಲ್ಲುತ್ತಿದ್ದಳು, ಒಬ್ಬರು ಶಿಷ್ಯೆಯ ಮಾನ ಉಳಿಸಲು ಕೈ ಚಾಚುತ್ತಿದ್ದರು. ಇಬ್ಬರದೂ ಒಳ್ಳೆಯತನವೇ. ಆ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕಬೇಕು ಅನ್ನಿಸುವುದಿಲ್ಲವೇ ನಿಮಗೆ?

ಚಿಕ್ಕ ಡಾಕ್ಟರಮ್ಮ ಕೋಟಿನ ಗುಂಡಿ ತಿರುಗಿಸುತ್ತಾ ಹೇಳಿದಳು, "ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮನಿಗೆ ಹೇಳ್ತಿದ್ದೆ ಸರ್, ಇವತ್ತು ನನಗೇ ಬಿಡ್ತಾರೆ ಅನ್ಸುತ್ತೆ ಅಂತ. ಸಂಜೆ ಬಾಗಿಲು ತೆಗೆದ ತಕ್ಷಣ ಅಮ್ಮ, ಬಿಟ್ರಾ ಅಂತ ಕೇಳೋಳು. ಈಚೆಗೆ ಕೇಳೋದೇ ಬಿಟ್ಟುಬಿಟ್ಲು. ಕೈ ಕಾಲು ತೊಳ್ಕೋ ಅಂತಾಳೆ, ಅಷ್ಟೆ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

"ನಾನು ಕಲಿಯೋವಾಗ ತುಂಬ ಬೈಸ್ಕೊಂಡಿದ್ದೀನಮ್ಮ. ಎಲ್ಲರ ಎದುರು. ಅದಕ್ಕೇ ನಿಮಗ್ಯಾರಿಗೂ ಹಾಗಾಗ್ಬಾರ್ದು ಅಂತ ಮಾಡ್ದೆ. ನಿನ್ನ ಮಾನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ." ಒಂದು ಉಸಿರು ಎಳೆದುಕೊಂಡರು. "ತಪ್ಪಾಯ್ತು."

ಗುಮ್ಮನಗುಸಕನ ಬಾಯಲ್ಲಿ ಒಟ್ಟಿಗೆ ಇಷ್ಟು ಮಾತು ಕೇಳಿದ ಮೊದಲ ಶಿಷ್ಯೆ ಅವಳು. ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡನ್ನೂ ಕೋಟಿನ ತೋಳಿಗೆ ಒರೆಸಿದಳು.

"ನಾಳೆ ಪಿತ್ತಕೋಶದ ಕೇಸಿದೆ," ಎಂದರು ಅವರು. ಕೇಳಬೇಕಾದ ಪ್ರಶ್ನೆಯನ್ನು, ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗನ ಹಾಗೆ, ನಿಧಾನವಾಗಿ ಕೇಳಿದರು: "ನಿನ್ನ ಕೈಯಾರೆ ಏನು ಮಾಡ್ಬೇಕು ಅಂತಿದೆ?"

"ನಾಳ ಬಿಡಿಸೋದು, ಕ್ಲಿಪ್ ಹಾಕೋದು, ಕತ್ತರಿಸೋದು. ಮೂರೂ. ನಿಂತಾಗ ಏನು ಕಾಣ್ತಿದೆ ಅಂತ ಬಾಯಿಬಿಟ್ಟು ಹೇಳ್ತೀನಿ ಸರ್. ಸರಿಯಿದ್ರೆ ನೀವು ಹೂಂ ಅನ್ನಿ. ಸರಿಯಿಲ್ದಿದ್ರೆ ಬಾಯಲ್ಲೇ ಹೇಳಿ."

"ಅಪಾಯ ಅನ್ನಿಸಿದ್ರೆ?"

"ಆಗ ಕೇಳಿ. ಕೊಡು ಅಂತ. ಕೊಡ್ತೀನಿ."

"ಹೂಂ." ಅಂದವರು, ಇದು ಸಾಲದು ಎಂದು ನೆನಪಾಗಿ, "ಹಾಗೇ ಆಗ್ಲಿ," ಎಂದು ಸೇರಿಸಿದರು.

"ನಿಮ್ಮದೇನು ಸರ್?"

"ನನ್ನದೇನು ಅಂದ್ರೆ?"

"ಇಬ್ಬರೂ ಒಂದೊಂದು ಗುರಿ ಇಟ್ಕೋಬೇಕು ಅಂದಿದ್ರಲ್ಲ ಮೇಡಂ."

ಇಷ್ಟು ವರ್ಷ ಕಲಿಸಿದವರಿಗೆ ಗುರಿ ಏನೆಂದು ಯಾರೂ ಕೇಳಿರಲಿಲ್ಲ. ತಮ್ಮ ಎರಡೂ ಅಂಗೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡರು.

"ಕೇಳದೆ ಕೈ ಚಾಚಲ್ಲ. ಅದೇ ನನ್ನದು."

ಅವಳು ಎದ್ದು ನಿಂತಳು. ಬಾಗಿಲವರೆಗೆ ಹೋಗಿ ತಿರುಗಿ, "ಬದಲಿ ಕೇಳಿದ್ದು ಹಾಗೇ ಇರುತ್ತೆ ಸರ್. ನಾಳೆ ನೋಡ್ತೀನಿ," ಎಂದಳು. ಒರಟಾಗಿ ಹೇಳಲಿಲ್ಲ. ಆದರೆ ಅವರಿಗೆ ಅದು ಚುಚ್ಚಿತು. ಚುಚ್ಚಿದ್ದು ನ್ಯಾಯವೇ ಎಂದೂ ಅನ್ನಿಸಿತು.

ಮಾರನೆಯ ದಿನದ ರೋಗಿ ಒಬ್ಬ ಟೈಲರಮ್ಮ. ಹಾಸಿಗೆಯ ಮೇಲೆ ಹಸಿರು ನಿಲುವಂಗಿ ತೊಟ್ಟು ಕೂತು ಅದರ ಹೊಲಿಗೆಯನ್ನೇ ಹಿಡಿದು ಹಿಡಿದು ನೋಡುತ್ತಿದ್ದಳು.

"ಇದನ್ನ ಹೊಲಿದೋರು ಯಾರೋ ಕಣ್ಣು ಮುಚ್ಕೊಂಡು ಹೊಲಿದಿದ್ದಾರೆ," ಎಂದಳು. "ನನ್ನ ಹೊಟ್ಟೆ ಮೇಲೆ ಹೀಗೆಲ್ಲ ಡೊಂಕಾಗಿ ಹಾಕಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತೀನಿ, ನೋಡಿ. ಯಾರು ಮಾಡೋದು ಆಪರೇಷನ್ನು?"

ದೊಡ್ಡ ಡಾಕ್ಟರು ಪಕ್ಕಕ್ಕೆ ಸರಿದರು. ಅವರ ಬೆನ್ನ ಹಿಂದೆ ಮರೆಯಾಗಿದ್ದ ಚಿಕ್ಕ ಡಾಕ್ಟರಮ್ಮ ಕಾಣಿಸಿಕೊಂಡಳು.

"ಇವರು ಮಾಡ್ತಾರೆ. ಶುರುವಿಂದ ಕೊನೇವರೆಗೆ ನಾನು ಪಕ್ಕದಲ್ಲೇ ಇರ್ತೀನಿ. ನಿಮಗೆ ಒಪ್ಪಿಗೆ ತಾನೆ?"

ಟೈಲರಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಮೇಲಿನಿಂದ ಕೆಳಕ್ಕೆ ಹೆಚ್ಚು ದೂರವೇನಿರಲಿಲ್ಲ. "ಇವರಾ? ನನ್ನ ಮಗಳ ಥರ ಇದ್ದಾರೆ."

"ಇವರ ಕೈ ನನ್ನ ಕೈಗಿಂತ ಹಗುರ," ಎಂದರು ದೊಡ್ಡ ಡಾಕ್ಟರು.

"ಹಾಗಾದ್ರೆ ಸರಿ ಬಿಡಿ. ಹೊಲಿಗೆ ಕೆಲಸಕ್ಕೆ ಹಗುರ ಕೈನೇ ಬೇಕು."

ಚಿಕ್ಕ ಡಾಕ್ಟರಮ್ಮ ರೋಗಿಯ ಕಡೆ ನೋಡುತ್ತಾ ನಿಂತಿದ್ದಳು, ಗುರುವಿನ ಕಡೆ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಗಾದವು.

ಥಿಯೇಟರಿನಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಅರಿವಳಿಕೆ ಡಾಕ್ಟರು ತಲೆಯ ಕಡೆ ಕೂತು ಮೂಗಿನಲ್ಲೇ ಹಾಡುತ್ತಿದ್ದರು. ಸಿಸ್ಟರು ಸಲಕರಣೆಗಳನ್ನು ಸಾಲಾಗಿ ಜೋಡಿಸಿದ್ದಳು. ಕಿರಿಯ ಡಾಕ್ಟರೊಬ್ಬಳು ಕ್ಯಾಮೆರಾ ಹಿಡಿದಿದ್ದಳು. ಚಿಕ್ಕ ಡಾಕ್ಟರಮ್ಮ ಮಣೆಯ ಮೇಲೆ ನಿಂತು ಕೆಲಸ ಶುರು ಮಾಡಿದಳು. ಆದರೆ ಹೊಟ್ಟೆಯ ಒಳಗೆ ಎಂದಿನಂತಿರಲಿಲ್ಲ. ಟೈಲರಮ್ಮ ನೋವನ್ನು ಬಹಳ ದಿನ ನುಂಗಿಕೊಂಡಿದ್ದಳು ಎಂದು ಕಾಣುತ್ತದೆ. ಪಿತ್ತಕೋಶ ಊದಿ, ಸುತ್ತಮುತ್ತಲಿನ ಕೊಬ್ಬೆಲ್ಲ ಅಂಟಿಕೊಂಡು ಕೂತಿತ್ತು. ಚಿಕ್ಕ ಡಾಕ್ಟರಮ್ಮ ಒಂದೊಂದೇ ಎಳೆ ಬಿಡಿಸುತ್ತಾ ಬಂದಳು. ದೊಡ್ಡ ಡಾಕ್ಟರು ನೋಡುತ್ತಿದ್ದರು. ಚೆನ್ನಾಗಿತ್ತು. ತಾವೇ ಮಾಡಿದ್ದರೂ ಹೀಗೇ ಮಾಡುತ್ತಿದ್ದರು.

ಕ್ಲಿಪ್ ಹಾಕುವ ಜಾಗ ಬಂತು. ಅವಳು ನಿಂತಳು.

"ಇದು ಪಿತ್ತಕೋಶದ ನಾಳ, ಸರ್," ಎಂದಳು. ಮಾಸ್ಕಿನ ಒಳಗೆ ಅವಳ ದನಿ ಸಣ್ಣದಾಗಿತ್ತು. "ಇದು ರಕ್ತನಾಳ. ಇವೆರಡರ ಮಧ್ಯೆ..."

ಅಷ್ಟಕ್ಕೇ ಮಾತು ನಿಂತಿತು. ಎಲ್ಲರೂ ಕಾದರು. ಅರಿವಳಿಕೆ ಡಾಕ್ಟರ ಹಾಡೂ ನಿಂತಿತು.

ಆಗ ದೊಡ್ಡ ಡಾಕ್ಟರ ಬಲಗೈ ಎದ್ದಿತು. ಅವರು ಎತ್ತಲಿಲ್ಲ, ದೇವರಾಣೆ, ಅದೇ ಎದ್ದಿತು. ಅಷ್ಟು ವರ್ಷ ಮೇಯಲು ಬಿಟ್ಟ ಕೈ, ಒಂದು ದಿನದಲ್ಲಿ ಕಟ್ಟಿಹಾಕಿದರೆ ಕೇಳುತ್ತದೆಯೇ? ಅವಳ ಕಣ್ಣಂಚಿಗೆ ಆ ಕೈ ಕಂಡಿತು. ಅವಳ ಹಿಡಿತ ಸಡಿಲಾಯಿತು. ಸಲಕರಣೆಯ ಹಿಡಿಯನ್ನು ಕೊಡಲು ಬೆರಳು ಬಿಡಿಸತೊಡಗಿದಳು. ಯಾವ ಸಿಟ್ಟೂ ಇರಲಿಲ್ಲ ಅದರಲ್ಲಿ, ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವಳ ಹಾಗೆ. ದೊಡ್ಡ ಡಾಕ್ಟರು ಅದನ್ನು ನೋಡಿದರು.

ಅವರು ಎರಡೂ ಕೈಯನ್ನು ಹಿಂದಕ್ಕೆ ಒಯ್ದು ಬೆನ್ನ ಹಿಂದೆ ಕಟ್ಟಿಕೊಂಡರು.

"ಸರ್! ಕೈ!" ಸಿಸ್ಟರು ಕಿರುಚಿದಳು.

ಕಿರುಚುವುದೇ ಮತ್ತೆ. ಥಿಯೇಟರಿನಲ್ಲಿ ಕೈ ತೊಳೆದು ಗ್ಲೌಸ್ ಹಾಕಿದವರು ಕೈಯನ್ನು ಸದಾ ಎದೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದಿರಬೇಕು. ಬೆನ್ನ ಹಿಂದೆ ಹೋದ ಕೈ ಮೈಲಿಗೆಯಾದಂತೆಯೇ. ಮೊದಲ ದಿನ ಕಾಲಿಟ್ಟ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ ಅದು. ದೊಡ್ಡ ಡಾಕ್ಟರು ತಮ್ಮ ಜೀವಮಾನದಲ್ಲಿ ಅದನ್ನು ಮೀರಿದವರಲ್ಲ. ಇನ್ನು ಮತ್ತೆ ಹೊರಗೆ ಹೋಗಿ, ಮೊಣಕೈವರೆಗೆ ಉಜ್ಜಿ ತೊಳೆದು, ಹೊಸ ಗೌನು, ಹೊಸ ಗ್ಲೌಸ್ ತೊಡುವವರೆಗೆ ಅವರು ಟೇಬಲ್ಲಿನ ಹತ್ತಿರವೂ ಸುಳಿಯುವಂತಿಲ್ಲ.

"ಗೊತ್ತು ಸಿಸ್ಟರ್," ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು. "ರಕ್ತ ಏನೂ ಹೋಗ್ತಿಲ್ಲ. ಅವಸರ ಏನೂ ಇಲ್ಲ." ಆಮೇಲೆ ಶಿಷ್ಯೆಗೆ ಹೇಳಿದರು, "ಬೇಕು ಅಂದ್ರೆ ಹೇಳು, ತೊಳ್ಕೊಂಡು ಬರ್ತೀನಿ. ಅಲ್ಲೀವರೆಗೆ ಎಲ್ಲರೂ ಆರಾಮಾಗಿ ಕಾಯೋಣ. ಮಧ್ಯೆ ಏನು ಕಾಣ್ತಿದೆ?"

ಚಿಕ್ಕ ಡಾಕ್ಟರಮ್ಮ ಅವರನ್ನೇ ನೋಡುತ್ತಿದ್ದಳು. ಕೈ ಕಾಣದ ಗುರುವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಬಿಟ್ಟ ಬೆರಳುಗಳು ಮತ್ತೆ ಹಿಡಿಯನ್ನು ಬಿಗಿಯಾಗಿ ಹಿಡಿದವು.

"ಮಧ್ಯೆ ಸ್ಪಷ್ಟ ಇಲ್ಲ ಸರ್. ಹಿಂದೆ ಕೊಬ್ಬು ಅಡ್ಡ ಇದೆ. ಅದಕ್ಕೇ ನಿಂತೆ."

"ಒಳ್ಳೇದು, ನಿಂತಿದ್ದು. ಏನು ಮಾಡ್ತೀಯ?"

"ಕ್ಲಿಪ್ ಹಾಕಲ್ಲ. ಇನ್ನೂ ಸ್ವಲ್ಪ ಬಿಡಿಸ್ತೀನಿ. ಹಿಂದುಗಡೆ ಲಿವರ್ ಕಾಣೋವರೆಗೂ."

"ಹೂಂ. ಬಿಡಿಸು."

ಬಿಡಿಸಿದಳು. ಹೊತ್ತು ಹಿಡಿಯಿತು. ಬೆನ್ನ ಹಿಂದೆ ಅವರ ಬೆರಳುಗಳು ಒಂದಕ್ಕೊಂದು ಹೆಣೆದುಕೊಂಡು ನೋಯುತ್ತಿದ್ದವು. ಎಷ್ಟೋ ಕಷ್ಟದ ಆಪರೇಷನ್ ಮಾಡಿದವರಿಗೆ, ಏನೂ ಮಾಡದೆ ನಿಲ್ಲುವುದು ಇಷ್ಟು ಬೆವರಿಳಿಸುತ್ತದೆ ಎಂದು ಗೊತ್ತಿರಲಿಲ್ಲ. ಕೊನೆಗೆ ಅವಳು ಮತ್ತೆ ನಿಂತಳು. ಈ ಸಲ ದನಿ ಗಟ್ಟಿಯಾಗಿತ್ತು.

"ಈಗ ಕಾಣ್ತಿದೆ. ನಾಳ ಒಂದು, ರಕ್ತನಾಳ ಒಂದು, ಮಧ್ಯದಲ್ಲಿ ಲಿವರ್. ಪಿತ್ತಕೋಶದ ಒಳಗೆ ಬೇರೆ ಏನೂ ಹೋಗ್ತಿಲ್ಲ."

ದೊಡ್ಡ ಡಾಕ್ಟರು ಸ್ಕ್ರೀನ್ ನೋಡಿದರು, ಸರಿಯಾಗಿ ನೋಡಿದರು. ಆಮೇಲೆ ಸ್ಕ್ರೀನಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. ಅವಳು ತಮ್ಮನ್ನೇ ನೋಡುತ್ತಿದ್ದಳು. ಮಾಸ್ಕಿನ ಮೇಲೆ ಎರಡು ಕಣ್ಣು, ಇಷ್ಟಗಲ ತೆರೆದು, ಕಾಯುತ್ತಿದ್ದವು. ಪ್ರತಿ ಸಲವೂ ಹೀಗೇ ಕಾದಿದ್ದವಲ್ಲ ಇವು ಎಂದು ಅವರಿಗೆ ಆಗ ಹೊಳೆಯಿತು.

"ಹೂಂ," ಎಂದರು. "ಹಾಕಮ್ಮ."

ಅವಳು ಹಾಕಿದಳು. ಕತ್ತರಿಸಿದಳು. ಅರಿವಳಿಕೆ ಡಾಕ್ಟರು ಹಾಡನ್ನು ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡರು. ಕೊನೆಯ ಹೊಲಿಗೆ ಹಾಕುವವರೆಗೂ ದೊಡ್ಡ ಡಾಕ್ಟರು ಕೈ ತೊಳೆಯಲು ಹೋಗಲಿಲ್ಲ, ಅವಳು ಬೇಕೆನ್ನಲೂ ಇಲ್ಲ. ಚರ್ಮದ ಹೊಲಿಗೆಯನ್ನಂತೂ ಟೈಲರಮ್ಮನ ಹೆದರಿಕೆಗೆ ಎರಡೆರಡು ಸಲ ಬಗ್ಗಿ ನೋಡಿ ಹಾಕಿದಳು.

ಎಲ್ಲ ಮುಗಿದು ಹೊರಗೆ ತೊಟ್ಟಿಯ ಹತ್ತಿರ ಬಂದಾಗ ಅವಳು ಗ್ಲೌಸ್ ಕಳಚುತ್ತಿದ್ದಳು. ಮಾಸ್ಕು ಕತ್ತಿಗೆ ಇಳಿದಿತ್ತು. ಮೂಗಿನ ಮೇಲೆ ಅದರ ಅಚ್ಚು ಮೂಡಿತ್ತು. ಅವರು ಬಂದು ಪಕ್ಕದ ನಲ್ಲಿಯ ಮುಂದೆ ನಿಂತರು.

"ಒಂದು ಮಾತು ಕೇಳ್ಬೇಕು ನಿನ್ನ."

"ಕೇಳಿ ಸರ್."

"ಬಿಟ್ಟು ಹೋಗ್ಬೇಡ."

"ಇದು ಕೇಳೋದಲ್ಲ ಸರ್, ಹೇಳೋದು," ಎಂದಳು. ತುಟಿಯಂಚಿನಲ್ಲಿ ನಗುವಿತ್ತು. ಆದರೆ ಮಾತು ಸುಮ್ಮನೆ ಆಡಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ನಲ್ಲಿ ನಿಲ್ಲಿಸಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇರ್ತೀಯಾ?"

ಅವಳು ಉತ್ತರ ಕೊಡಲಿಲ್ಲ. ಯೋಚಿಸುತ್ತಿದ್ದಳು. ಆ ಮೌನದೊಳಕ್ಕೆ ಏನನ್ನಾದರೂ ತುಂಬಿಬಿಡಬೇಕು, ನಿನ್ನಂಥ ಕೈ ನಾನು ಕಂಡಿಲ್ಲ ಎನ್ನಬೇಕು, ಬೇಡಿಕೊಳ್ಳಬೇಕು, ಅವಳ ಪರವಾಗಿ ತಾನೇ ಹೌದು ಎಂದುಬಿಡಬೇಕು ಎಂದು ಅವರ ಜೀವವೆಲ್ಲ ತುಡಿಯಿತು. ಏನೂ ಅನ್ನದೆ, ಅವಳ ಮುಖವನ್ನೇ ನೋಡುತ್ತಾ, ಒದ್ದೆ ಕೈಯಲ್ಲಿ ಕಾದರು. ಅವಳು ಹೊತ್ತು ತೆಗೆದುಕೊಂಡಳು.

"ಹೂಂ," ಎಂದಳು.